ಅವನು ಏನಂದ? ಇನ್ನೊಬ್ಬರ ಮಾತನ್ನು ಇಂಗ್ಲಿಷಿನಲ್ಲಿ ಕಾಲ ತಪ್ಪದೆ ಬರೆಯುವ ಕ್ರಮ

‘ರವಿ ನಾಳೆ ಬರ್ತೀನಿ ಅಂದ.’ ಕನ್ನಡದಲ್ಲಿ ಇದಕ್ಕಿಂತ ಸಲೀಸಾದ ವಾಕ್ಯ ಸಿಗುವುದು ಕಷ್ಟ. ರವಿ ಆಡಿದ ಮಾತನ್ನು ಹಾಗೇ ಎತ್ತಿಟ್ಟು ಕೊನೆಗೊಂದು ‘ಅಂದ’ ಸೇರಿಸಿದರೆ ಮುಗಿಯಿತು. ಅವನು ಅಂದದ್ದು ನಿನ್ನೆಯಾಗಿರಲಿ, ಹತ್ತು ವರ್ಷದ ಹಿಂದಾಗಿರಲಿ, ‘ಬರ್ತೀನಿ’ ಎಂಬುದು ಕದಲುವುದಿಲ್ಲ. ಇದೇ ಮಾತನ್ನು ಇಂಗ್ಲಿಷಿಗೆ ತರುವಾಗ ನಮ್ಮಲ್ಲಿ ಬಹಳಷ್ಟು ಜನ ಬರೆಯುವುದು ಹೀಗೆ: ‘ರವಿ ಟೋಲ್ಡ್ ದಟ್ ಐ ವಿಲ್ ಕಮ್ ಟುಮಾರೊ.’ ಓದಿದವರಿಗೆ ಬರುವವನು ರವಿಯೋ ಪತ್ರ ಬರೆದವರೋ ತಿಳಿಯುವುದಿಲ್ಲ. ಆ ‘ಟುಮಾರೊ’ ಯಾವ ದಿನವೆಂದೂ ತಿಳಿಯುವುದಿಲ್ಲ. ಪರೀಕ್ಷೆಯಲ್ಲಾದರೆ ಒಂದೆರಡು ಅಂಕ ಹೋಗಬಹುದು. ಕಚೇರಿಯ ಇಮೇಲ್‌ನಲ್ಲಾದರೆ ಯಾರು ಯಾವಾಗ ಏನು ಮಾಡಬೇಕು ಎಂಬುದೇ ತಲೆಕೆಳಗಾಗುತ್ತದೆ.

ಇದು ದಡ್ಡತನವಲ್ಲ. ಕನ್ನಡ ಹೇಳಿದವರ ಗಡಿಯಾರವನ್ನು ನಂಬುತ್ತದೆ, ಇಂಗ್ಲಿಷು ವರದಿ ಮಾಡುವವರ ಗಡಿಯಾರವನ್ನು ನಂಬುತ್ತದೆ, ಅಷ್ಟೇ. ಹಿಂದಿ, ರಷ್ಯನ್, ಜಪಾನಿ ಭಾಷೆಗಳೂ ಈ ವಿಷಯದಲ್ಲಿ ನಮ್ಮ ಹಾಗೆಯೇ ಮೂಲ ಮಾತಿನ ಕಾಲವನ್ನು ಉಳಿಸಿಕೊಳ್ಳುತ್ತವೆ. ಇಂಗ್ಲಿಷಿನಲ್ಲಿ ಮಾತ್ರ, ‘ಸೆಡ್’ ಎಂದು ಬರೆದ ಕ್ಷಣದಿಂದ ನಾವು ನಿಂತಿರುವುದು ಇವತ್ತಿನ ಜಾಗದಲ್ಲಿ. ರವಿ ಮಾತಾಡಿದ ಹೊತ್ತು ನಮಗೆ ಹಿಂದಾಗಿದೆ. ಆದ್ದರಿಂದ ಅವನ ಮಾತಿನೊಳಗಿನ ಕ್ರಿಯಾಪದವೂ ಹಿಂದೆ ಸರಿಯಬೇಕು. ಈ ಒಂದು ಸಂಗತಿ ಮನಸ್ಸಿಗೆ ಇಳಿದರೆ ಶಾಲೆಯಲ್ಲಿ ಬಾಯಿಪಾಠ ಮಾಡಿಸುವ ಪಟ್ಟಿಯ ಮುಕ್ಕಾಲು ಪಾಲು ತಾನಾಗಿ ಬರುತ್ತದೆ. ಆ ಪಟ್ಟಿಯಿಂದಲೇ ಪಾಠ ಶುರು ಮಾಡುವುದು ನನಗೆ ಒಪ್ಪಿಗೆಯಿಲ್ಲ. ಏಕೆ ಎಂದು ತಿಳಿಯದ ಮಗು ಪಟ್ಟಿಯನ್ನು ಪರೀಕ್ಷೆ ಮುಗಿದ ಮರುದಿನವೇ ಮರೆಯುತ್ತದೆ.

ಮೊದಲ ಹೆಜ್ಜೆ: ಹೊರಗಿನ ಕ್ರಿಯಾಪದವನ್ನು ನೋಡಿ

ವಾಕ್ಯದಲ್ಲಿ ಎರಡು ಕ್ರಿಯಾಪದಗಳಿರುತ್ತವೆ. ‘ಅಂದ’, ‘ಹೇಳಿದಳು’, ‘ಕೇಳಿದರು’ ಎಂಬುದು ಹೊರಗಿನದು, ಅಂದರೆ ಪ್ರಧಾನ ವಾಕ್ಯದ್ದು. ‘ಬರ್ತೀನಿ’ ಎಂಬುದು ಒಳಗಿನದು, ಅಧೀನ ವಾಕ್ಯದ್ದು. ಹೊರಗಿನದು ವರ್ತಮಾನದಲ್ಲಿದ್ದರೆ ಒಳಗಿನದರ ಕಾಲವನ್ನು ಮುಟ್ಟಬೇಕಾಗಿಲ್ಲ. ‘ರವಿ ಸೇಸ್ ಹಿ ವಿಲ್ ಕಮ್’, ‘ರವಿ ಹ್ಯಾಸ್ ಸೆಡ್ ದಟ್ ಹಿ ವಿಲ್ ಕಮ್’ ಎರಡೂ ಸರಿ. ಪತ್ರಿಕೆಗಳಲ್ಲಿ ‘ಹ್ಯಾಸ್ ಸೆಡ್’ ಎಂಬ ರೂಪ ಮತ್ತೆ ಮತ್ತೆ ಕಾಣುವುದಕ್ಕೆ ಇದೂ ಒಂದು ಕಾರಣ: ಸುದ್ದಿ ಇನ್ನೂ ಬಿಸಿಯಾಗಿದೆ, ಹೇಳಿದ ಸಂಗತಿ ಇನ್ನು ನಡೆಯಬೇಕಾಗಿದೆ, ‘ವಿಲ್’ ಹಾಗೇ ಉಳಿಯಲಿ ಎಂಬ ಅನುಕೂಲ. ಹೊರಗಿನದು ‘ಸೆಡ್’, ‘ಟೋಲ್ಡ್’, ‘ಆಸ್ಕ್‌ಡ್’, ‘ಥಾಟ್’, ‘ನ್ಯೂ’ ಎಂದು ಭೂತಕಾಲದಲ್ಲಿದ್ದರೆ ಮಾತ್ರ ಮುಂದಿನ ಹೆಜ್ಜೆಗಳು ಬೇಕು.

ಇಲ್ಲೇ ಇನ್ನೊಂದನ್ನೂ ಸರಿಮಾಡಿಕೊಳ್ಳಿ. ‘ಟೋಲ್ಡ್’ ಬಂದರೆ ಯಾರಿಗೆ ಹೇಳಿದ್ದು ಎಂಬುದು ಅದರ ಬೆನ್ನಿಗೇ ಬರಬೇಕು: ‘ಹಿ ಟೋಲ್ಡ್ ಮಿ ದಟ್’. ಯಾರಿಗೆ ಎಂದು ಹೇಳುವ ಉದ್ದೇಶ ಇಲ್ಲದಿದ್ದರೆ ‘ಹಿ ಸೆಡ್ ದಟ್’. ‘ಹಿ ಟೋಲ್ಡ್ ದಟ್’ ಮತ್ತು ‘ಹಿ ಸೆಡ್ ಮಿ ದಟ್’ ಎರಡೂ ತಪ್ಪು. ನಾನು ನೋಡುವ ಕರಡುಗಳಲ್ಲಿ ಕಾಲದ ತಪ್ಪಿಗಿಂತ ಹೆಚ್ಚಾಗಿ ಸಿಗುವುದು ಇದೇ.

ಎರಡನೇ ಹೆಜ್ಜೆ: ಕನ್ನಡದಲ್ಲೇ ‘ತಾನು’ ಹಾಕಿ ನೋಡಿ

‘ಐ’ ಯಾರು, ‘ಹಿ’ ಯಾರು ಎಂಬ ಗೊಂದಲಕ್ಕೆ ಮದ್ದು ನಮ್ಮ ಕನ್ನಡದಲ್ಲೇ ಇದೆ. ನಾವು ಮಾತಾಡುವಾಗ ‘ನಾನು ಬರ್ತೀನಿ ಅಂದ’ ಎನ್ನುತ್ತೇವೆ, ನಿಜ. ಆದರೆ ಕನ್ನಡ ಪತ್ರಿಕೆಯ ವರದಿ ನೋಡಿ: ‘ತಾವು ರಾಜೀನಾಮೆ ನೀಡುವುದಿಲ್ಲ ಎಂದು ಸಚಿವರು ಸ್ಪಷ್ಟಪಡಿಸಿದರು’, ‘ಶೀಘ್ರದಲ್ಲೇ ಕಾಮಗಾರಿ ಆರಂಭಿಸುವುದಾಗಿ ತಿಳಿಸಿದರು’. ಇದು ಕನ್ನಡದ ಇನ್‌ಡೈರೆಕ್ಟ್ ಸ್ಪೀಚ್. ‘ನಾನು’ ಹೋಗಿ ‘ತಾನು’ ಅಥವಾ ‘ತಾವು’ ಬಂದಿದೆ, ‘ಮಾಡ್ತೀನಿ’ ಹೋಗಿ ‘ಮಾಡುವುದಾಗಿ’ ಬಂದಿದೆ.

ಆದ್ದರಿಂದ ನೇರವಾಗಿ ಇಂಗ್ಲಿಷಿಗೆ ಜಿಗಿಯುವ ಮುಂಚೆ ಮನಸ್ಸಿನಲ್ಲಿ ವಾಕ್ಯವನ್ನು ಒಮ್ಮೆ ಪತ್ರಿಕೆಯ ಕನ್ನಡಕ್ಕೆ ತಿರುಗಿಸಿ: ‘ರವಿ ತಾನು ಮರುದಿನ ಬರುವುದಾಗಿ ಹೇಳಿದ.’ ‘ತಾನು’ ಇರುವ ಕಡೆ ಇಂಗ್ಲಿಷಿನಲ್ಲಿ ‘ಹಿ’ ಅಥವಾ ‘ಶಿ’ ಹಾಕಿ. ‘ತನ್ನ’ ಇರುವ ಕಡೆ ‘ಹಿಸ್’ ಅಥವಾ ‘ಹರ್’. ‘ನಾಳೆ’ ಇದ್ದದ್ದು ‘ಮರುದಿನ’ ಆಗಿರುವುದನ್ನೂ ಗಮನಿಸಿ. ಆ ಬದಲಾವಣೆಯನ್ನು ನಮ್ಮ ಪತ್ರಿಕೆಯ ಭಾಷೆಯೇ ಮಾಡಿಕೊಟ್ಟಿತು. ಹೀಗೆ ಮಾಡಿದರೆ ಸರ್ವನಾಮದ ತಪ್ಪು ಬಹುಪಾಲು ಹೋಗುತ್ತದೆ. ಕ್ರಿಯಾಪದದ ಕಾಲಕ್ಕೆ ಮಾತ್ರ ಕನ್ನಡ ನೆರವಾಗುವುದಿಲ್ಲ. ಅಲ್ಲಿಂದ ಇಂಗ್ಲಿಷಿನ ದಾರಿಯಲ್ಲೇ ನಡೆಯಬೇಕು.

ಮೂರನೇ ಹೆಜ್ಜೆ: ಒಳಗಿನ ಕ್ರಿಯಾಪದವನ್ನು ಒಂದು ಮೆಟ್ಟಿಲು ಹಿಂದಕ್ಕೆ ಇಳಿಸಿ

ಒಂದು ನಿಜವಾದ ಸಂದರ್ಭ ಇಟ್ಟುಕೊಳ್ಳೋಣ. ಮಂಗಳವಾರ ಸಂಜೆ ರವಿ ಫೋನ್ ಮಾಡಿ ಹೇಳುತ್ತಾನೆ: ‘ನಾನು ಸಿಲ್ಕ್ ಬೋರ್ಡ್ ಹತ್ರ ಸಿಕ್ಕಾಕ್ಕೊಂಡಿದ್ದೀನಿ. ನಿನ್ನೆ ಡೇಟಾ ಬರಲಿಲ್ಲ. ಸರ್ವರ್ ಇನ್ನೂ ಸರಿಹೋಗಿಲ್ಲ. ನಾಳೆ ಬೆಳಿಗ್ಗೆ ರಿಪೋರ್ಟ್ ಕಳಿಸ್ತೀನಿ.’ ಶುಕ್ರವಾರ ನೀವು ಇದನ್ನು ಮ್ಯಾನೇಜರಿಗೆ ಬರೆದು ತಿಳಿಸಬೇಕು.

ರವಿ ಇದನ್ನೇ ಇಂಗ್ಲಿಷಿನಲ್ಲಿ ಹೇಳಿದ್ದರೆ ನಾಲ್ಕು ವಾಕ್ಯಗಳಾಗುತ್ತಿದ್ದವು. ಒಂದೊಂದಾಗಿ ಇಳಿಸೋಣ.

‘ಐ ಆ್ಯಮ್ ಸ್ಟಕ್ ನಿಯರ್ ಸಿಲ್ಕ್ ಬೋರ್ಡ್.’ ಇಲ್ಲಿ ‘ಆ್ಯಮ್’ ಇದೆ. ಒಂದು ಮೆಟ್ಟಿಲು ಕೆಳಗೆ ‘ವಾಸ್’. ಹಾಗಾಗಿ ‘ರವಿ ಸೆಡ್ ದಟ್ ಹಿ ವಾಸ್ ಸ್ಟಕ್ ನಿಯರ್ ಸಿಲ್ಕ್ ಬೋರ್ಡ್’.

‘ದ ಡೇಟಾ ಡಿಡ್ ನಾಟ್ ಕಮ್ ಯೆಸ್ಟರ್‌ಡೇ.’ ಇದು ಆಗಲೇ ಭೂತಕಾಲದಲ್ಲಿದೆ. ಅದರ ಕೆಳಗಿನ ಮೆಟ್ಟಿಲು ಪಾಸ್ಟ್ ಪರ್ಫೆಕ್ಟ್: ‘ದ ಡೇಟಾ ಹ್ಯಾಡ್ ನಾಟ್ ಕಮ್ ದ ಪ್ರೀವಿಯಸ್ ಡೇ’.

‘ದ ಸರ್ವರ್ ಹ್ಯಾಸ್ ನಾಟ್ ಬೀನ್ ಫಿಕ್ಸ್‌ಡ್ ಯೆಟ್.’ ಪ್ರೆಸೆಂಟ್ ಪರ್ಫೆಕ್ಟಿಗೂ ಕೆಳಗಿರುವುದು ಅದೇ ಪಾಸ್ಟ್ ಪರ್ಫೆಕ್ಟ್: ‘ದ ಸರ್ವರ್ ಹ್ಯಾಡ್ ನಾಟ್ ಬೀನ್ ಫಿಕ್ಸ್‌ಡ್ ಯೆಟ್’. ಅಂದರೆ ‘ಡಿಡ್’ ಮತ್ತು ‘ಹ್ಯಾಸ್’ ಎರಡೂ ಇಳಿದು ಬಂದು ಸೇರುವುದು ‘ಹ್ಯಾಡ್’ ಎಂಬ ಒಂದೇ ಮೆಟ್ಟಿಲಿಗೆ. ಅದರ ಕೆಳಗೆ ಇನ್ನು ಮೆಟ್ಟಿಲಿಲ್ಲ. ಮೂಲದಲ್ಲೇ ‘ಹ್ಯಾಡ್ ಗಾನ್’ ಇದ್ದರೆ ಅದು ಹಾಗೇ ಇರುತ್ತದೆ.

‘ಐ ವಿಲ್ ಸೆಂಡ್ ದ ರಿಪೋರ್ಟ್ ಟುಮಾರೊ ಮಾರ್ನಿಂಗ್.’ ‘ವಿಲ್’ ಇಳಿದರೆ ‘ವುಡ್’: ‘ಹಿ ವುಡ್ ಸೆಂಡ್ ದ ರಿಪೋರ್ಟ್ ದ ನೆಕ್ಸ್ಟ್ ಮಾರ್ನಿಂಗ್’.

ನಾಲ್ಕನ್ನೂ ಕೂಡಿಸುವಾಗ ಪ್ರತಿ ಸಲ ‘ಹಿ ಸೆಡ್’ ಎನ್ನಬೇಕಿಲ್ಲ. ‘ದಟ್’ ಒಂದನ್ನೇ ಮತ್ತೆ ಮತ್ತೆ ಕೊಂಡಿಯಾಗಿ ಬಳಸಬಹುದು: ‘ರವಿ ಸೆಡ್ ದಟ್ ಹಿ ವಾಸ್ ಸ್ಟಕ್ ನಿಯರ್ ಸಿಲ್ಕ್ ಬೋರ್ಡ್, ದಟ್ ದ ಡೇಟಾ ಹ್ಯಾಡ್ ನಾಟ್ ಕಮ್ ದ ಪ್ರೀವಿಯಸ್ ಡೇ, ದಟ್ ದ ಸರ್ವರ್ ಹ್ಯಾಡ್ ನಾಟ್ ಬೀನ್ ಫಿಕ್ಸ್‌ಡ್ ಯೆಟ್, ಅಂಡ್ ದಟ್ ಹಿ ವುಡ್ ಸೆಂಡ್ ದ ರಿಪೋರ್ಟ್ ದ ನೆಕ್ಸ್ಟ್ ಮಾರ್ನಿಂಗ್.’ ಎರಡನೆಯ, ಮೂರನೆಯ, ನಾಲ್ಕನೆಯ ‘ದಟ್’ ಬಿಡಬೇಡಿ. ಬಿಟ್ಟರೆ ಡೇಟಾ ಬರಲಿಲ್ಲ ಎಂದದ್ದು ರವಿಯೋ ನೀವೋ ಎಂಬ ಅನುಮಾನ ಉಳಿಯುತ್ತದೆ.

‘ಡಿಡ್’ ಇದ್ದಲ್ಲೆಲ್ಲ ‘ಹ್ಯಾಡ್’ ಮಾಡಲೇಬೇಕೇ? ಪರೀಕ್ಷೆಯಲ್ಲಿ ಮಾಡಿ, ಅಲ್ಲಿ ಅದನ್ನೇ ನಿರೀಕ್ಷಿಸುತ್ತಾರೆ. ಪರೀಕ್ಷೆಯ ಹೊರಗೆ, ದಿನ ಅಥವಾ ವರ್ಷ ಸ್ಪಷ್ಟವಾಗಿದ್ದರೆ ಇಂಗ್ಲಿಷ್ ಬಲ್ಲವರೂ ಸಿಂಪಲ್ ಪಾಸ್ಟನ್ನೇ ಉಳಿಸುತ್ತಾರೆ. ‘ಶಿ ಸೆಡ್ ಶಿ ವಾಸ್ ಬಾರ್ನ್ ಇನ್ 1990’ ಎಂಬಲ್ಲಿ ‘ಹ್ಯಾಡ್ ಬೀನ್ ಬಾರ್ನ್’ ಎಂದು ಎಳೆಯುವುದು ಬೇಡ.

ಕ್ರಿಯಾಪದ ಸರಿಯಾಗಿ ಇಳಿದರೆ ಅರ್ಥದ ಸೂಕ್ಷ್ಮವೂ ಉಳಿಯುತ್ತದೆ ಎನ್ನುವುದಕ್ಕೆ ನನಗೆ ಇಷ್ಟವಾದ ಉದಾಹರಣೆಯೊಂದಿದೆ. 1970ರ ಏಪ್ರಿಲ್‌ನಲ್ಲಿ ಅಪೊಲೊ 13 ನೌಕೆಯ ಆಮ್ಲಜನಕದ ಟ್ಯಾಂಕ್ ಸ್ಫೋಟಿಸಿದಾಗ ಗಗನಯಾತ್ರಿಗಳು ಭೂಮಿಗೆ ಹೇಳಿದ ಮಾತು ‘ಹ್ಯೂಸ್ಟನ್, ವಿ ಹ್ಯಾವ್ ಹ್ಯಾಡ್ ಎ ಪ್ರಾಬ್ಲಮ್’. ಜನರ ಬಾಯಲ್ಲಿ ಅದು ‘ವಿ ಹ್ಯಾವ್ ಎ ಪ್ರಾಬ್ಲಮ್’ ಎಂದಾಗಿಬಿಟ್ಟಿದೆ. ಮೊದಲನೆಯದನ್ನು ವರದಿ ಮಾಡಿದರೆ ‘ದೆ ಸೆಡ್ ದಟ್ ದೆ ಹ್ಯಾಡ್ ಹ್ಯಾಡ್ ಎ ಪ್ರಾಬ್ಲಮ್’, ಎರಡನೆಯದನ್ನು ಮಾಡಿದರೆ ‘ದೆ ಹ್ಯಾಡ್ ಎ ಪ್ರಾಬ್ಲಮ್’. ‘ಹ್ಯಾಡ್ ಹ್ಯಾಡ್’ ಎಂದು ಎರಡು ಸಲ ಬಂದರೆ ಅಚ್ಚಿನ ತಪ್ಪೆಂದು ಒಂದನ್ನು ಹೊಡೆದುಹಾಕುವವರಿದ್ದಾರೆ. ಮೊದಲನೆಯದು ಕಾಲ ತೋರಿಸುವ ಸಹಾಯಕ ಕ್ರಿಯಾಪದ, ಎರಡನೆಯದು ಮುಖ್ಯ ಕ್ರಿಯಾಪದ. ಎರಡಕ್ಕೂ ಕೆಲಸವಿದೆ.

‘ವಿಲ್’ ಮಾತ್ರವಲ್ಲ, ‘ಕ್ಯಾನ್’ ಇಳಿದು ‘ಕುಡ್’ ಆಗುತ್ತದೆ, ‘ಮೇ’ ಇಳಿದು ‘ಮೈಟ್’. ‘ಮಸ್ಟ್’ ಎಂಬುದು ಸಾಮಾನ್ಯವಾಗಿ ‘ಹ್ಯಾಡ್ ಟು’ ಆಗುತ್ತದೆ, ಆದರೂ ‘ಮಸ್ಟ್’ ಹಾಗೇ ಉಳಿದರೆ ತಪ್ಪಲ್ಲ. ‘ಕುಡ್, ವುಡ್, ಶುಡ್, ಮೈಟ್’ ಆಗಲೇ ಕೆಳಗಿರುವುದರಿಂದ ಮತ್ತೆ ಇಳಿಯುವುದಿಲ್ಲ. ಇಲ್ಲಿ ಒಂದು ಎಚ್ಚರಿಕೆ. ‘ವುಡ್’ ಎಂದರೆ ‘ವಿಲ್’ನ ಮರ್ಯಾದೆಯ ರೂಪ ಎಂದುಕೊಂಡು ‘ದ ಮೀಟಿಂಗ್ ವುಡ್ ಬಿ ಹೆಲ್ಡ್ ಟುಮಾರೊ’ ಎಂದು ಸುತ್ತೋಲೆ ಬರೆಯುವುದು ನಮ್ಮ ಕಚೇರಿಗಳಲ್ಲಿ ರೂಢಿಯಾಗಿದೆ. ಹೊರಗೆ ‘ಸೆಡ್’ ಇಲ್ಲದೆ, ‘ಹೀಗಾಗಿದ್ದರೆ’ ಎಂಬ ಷರತ್ತೂ ಇಲ್ಲದೆ, ಖಚಿತವಾಗಿ ನಡೆಯಲಿರುವ ಸಭೆಗೆ ‘ವಿಲ್’ ಸಾಕು. ಅದರಲ್ಲಿ ಅಗೌರವ ಏನೂ ಇಲ್ಲ.

ನಾಲ್ಕನೇ ಹೆಜ್ಜೆ: ನಾಳೆ, ನಿನ್ನೆ, ಇಲ್ಲಿ

‘ಟುಡೇ’ ಹೋಗಿ ‘ದಟ್ ಡೇ’, ‘ಯೆಸ್ಟರ್‌ಡೇ’ ಹೋಗಿ ‘ದ ಪ್ರೀವಿಯಸ್ ಡೇ’, ‘ಟುಮಾರೊ’ ಹೋಗಿ ‘ದ ನೆಕ್ಸ್ಟ್ ಡೇ’, ‘ನೌ’ ಹೋಗಿ ‘ದೆನ್’, ‘ಅಗೊ’ ಹೋಗಿ ‘ಬಿಫೋರ್’, ‘ಹಿಯರ್’ ಹೋಗಿ ‘ದೇರ್’. ಪಟ್ಟಿ ಎಲ್ಲರಿಗೂ ಗೊತ್ತು. ಪಟ್ಟಿ ಹೇಳದ ಸಂಗತಿ ಒಂದಿದೆ: ದಿನ ಸರಿದಿದ್ದರೆ ಮಾತ್ರ ಬದಲಿಸಿ. ರವಿ ಬೆಳಿಗ್ಗೆ ಹೇಳಿದ್ದನ್ನು ನೀವು ಅದೇ ಸಂಜೆ ಹೇಳುತ್ತಿದ್ದರೆ ಅವನ ನಾಳೆಯೂ ನಿಮ್ಮ ನಾಳೆಯೂ ಒಂದೇ. ‘ಹಿ ಸೆಡ್ ಹಿ ವುಡ್ ಕಮ್ ಟುಮಾರೊ’ ಎಂದರೆ ಪೂರ್ತಿ ಸರಿ. ಕೆಲಸದ ಪತ್ರಗಳಲ್ಲಂತೂ ‘ದ ನೆಕ್ಸ್ಟ್ ಡೇ’ಗಿಂತ ‘ಆನ್ ವೆಡ್ನೆಸ್‌ಡೇ’ ಎಂದು ವಾರವನ್ನೇ ಬರೆದುಬಿಡಿ. ಓದುವವರು ಎಣಿಸುತ್ತ ಕೂರಬೇಕಾಗಿಲ್ಲ.

ಐದನೇ ಹೆಜ್ಜೆ: ಪ್ರಶ್ನೆಯಾಗಿದ್ದರೆ ಪದಗಳ ಜಾಗ ಬದಲಿಸಿ

‘ಎಲ್ಲಿಗೆ ಹೋಗ್ತಿದ್ದೀಯ ಅಂತ ಕೇಳಿದ.’ ಇದನ್ನು ‘ಹಿ ಆಸ್ಕ್‌ಡ್ ಮಿ ವೇರ್ ಆರ್ ಯು ಗೋಯಿಂಗ್’ ಎಂದು ಬರೆಯುತ್ತೇವೆ. ಪ್ರಶ್ನೆ ಮತ್ತೊಂದು ವಾಕ್ಯದ ಒಳಗೆ ಬಂದಾಗ ಅದು ಪ್ರಶ್ನೆಯ ವೇಷ ಕಳಚಬೇಕು. ಕರ್ತೃ ಮುಂದೆ, ಕ್ರಿಯಾಪದ ಹಿಂದೆ: ‘ಹಿ ಆಸ್ಕ್‌ಡ್ ಮಿ ವೇರ್ ಐ ವಾಸ್ ಗೋಯಿಂಗ್’. ‘ಡು, ಡಸ್, ಡಿಡ್’ ಮಾಯವಾಗುತ್ತವೆ: ‘ವಾಟ್ ಡು ಯು ವಾಂಟ್’ ಎಂಬುದು ‘ಶಿ ಆಸ್ಕ್‌ಡ್ ಹಿಮ್ ವಾಟ್ ಹಿ ವಾಂಟೆಡ್’. ಕೊನೆಗೆ ಪ್ರಶ್ನಾರ್ಥಕ ಚಿಹ್ನೆಯೂ ಬೇಡ.

ಹೌದು, ಇಲ್ಲ ಎಂಬ ಉತ್ತರ ಬೇಡುವ ಪ್ರಶ್ನೆಗೆ ‘ವೆದರ್’ ಅಥವಾ ‘ಇಫ್’ ಸೇರಿಸಿ. ಕನ್ನಡದ ‘ಬರ್ತೀಯಾ ಅಂತ ಕೇಳಿದ’ ಎಂಬಲ್ಲಿನ ‘ಅಂತ’ವನ್ನು ‘ದಟ್’ ಎಂದುಕೊಂಡು ‘ಹಿ ಆಸ್ಕ್‌ಡ್ ದಟ್ ವೆದರ್’ ಎಂದು ಎರಡನ್ನೂ ಜೋಡಿಸುವ ಅಭ್ಯಾಸವಿದೆ. ‘ಹೇಳಿದ’ದ ಮುಂದಿನ ‘ಅಂತ’ಕ್ಕೆ ಮಾತ್ರ ‘ದಟ್’. ‘ಕೇಳಿದ’ದ ಮುಂದಿನ ‘ಅಂತ’ಕ್ಕೆ ‘ವೆದರ್’, ಇಲ್ಲವೇ ‘ವೇರ್, ವೆನ್, ವೈ’ ಎಂಬ ಪ್ರಶ್ನಪದ ಒಂದೇ ಸಾಕು. ಮಾತಿನಲ್ಲೂ ಈ ನಿಯಮ ಉಪಯೋಗಕ್ಕೆ ಬರುತ್ತದೆ. ‘ಕ್ಯಾನ್ ಯು ಟೆಲ್ ಮಿ ವೇರ್ ಇಸ್ ದ ಬಸ್ ಸ್ಟ್ಯಾಂಡ್’ ಅಲ್ಲ, ‘ವೇರ್ ದ ಬಸ್ ಸ್ಟ್ಯಾಂಡ್ ಇಸ್’.

ಆಜ್ಞೆ, ಬೇಡಿಕೆಗಳಿಗೆ ಇಷ್ಟೆಲ್ಲ ಕಷ್ಟವಿಲ್ಲ. ಕಾಲದ ಗೊಡವೆಯೇ ಇಲ್ಲ, ‘ಟು’ ಸೇರಿಸಿದರಾಯಿತು. 1942ರ ಆಗಸ್ಟ್ 8ರಂದು ಮುಂಬೈಯ ಗೊವಾಲಿಯಾ ಟ್ಯಾಂಕ್ ಮೈದಾನದಲ್ಲಿ ಗಾಂಧೀಜಿ ‘ಡು ಆರ್ ಡೈ’ ಎಂದರು. ವರದಿಯಲ್ಲಿ ‘ಗಾಂಧಿ ಟೋಲ್ಡ್ ದ ಪೀಪಲ್ ಟು ಡು ಆರ್ ಡೈ’. ‘ಡೋಂಟ್’ ಇದ್ದರೆ ‘ನಾಟ್ ಟು’: ‘ಶಿ ಟೋಲ್ಡ್ ಹಿಮ್ ನಾಟ್ ಟು ಗೋ’. ‘ಪ್ಲೀಸ್’ ಇದ್ದರೆ ‘ಟೋಲ್ಡ್’ ಬದಲು ‘ಆಸ್ಕ್‌ಡ್’ ಅಥವಾ ‘ರಿಕ್ವೆಸ್ಟೆಡ್’. ವರದಿಯೊಳಗೆ ‘ಪ್ಲೀಸ್’ ಉಳಿಯುವುದಿಲ್ಲ.

ಎಲ್ಲಿ ಇಳಿಸಬಾರದು, ಎಲ್ಲಿ ಇಳಿಸಲೇಬೇಕು

ಸಾರ್ವಕಾಲಿಕ ಸತ್ಯಕ್ಕೆ ಕಾಲ ಬದಲಾಗುವುದಿಲ್ಲ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ‘ಆರ್ಯಭಟ ಸೆಡ್ ದಟ್ ದ ಅರ್ಥ್ ರೊಟೇಟ್ಸ್ ಆನ್ ಇಟ್ಸ್ ಆ್ಯಕ್ಸಿಸ್.’ ಆರ್ಯಭಟ ಇದನ್ನು ಹೇಳಿ ಸಾವಿರದ ಐನೂರು ವರ್ಷ ಕಳೆದಿವೆ, ಭೂಮಿ ಇವತ್ತೂ ತಿರುಗುತ್ತಿದೆ, ‘ರೊಟೇಟ್ಸ್’ ಸರಿ. ಆದರೆ ಇದೇ ಜಾಗದಲ್ಲಿ ಟಾಲೆಮಿಯನ್ನು ತನ್ನಿ. ಸೂರ್ಯನೇ ಭೂಮಿಯನ್ನು ಸುತ್ತುತ್ತಾನೆ ಎಂದು ನಂಬಿದ್ದವನು ಆತ. ‘ಟಾಲೆಮಿ ಬಿಲೀವ್ಡ್ ದಟ್ ದ ಸನ್ ಮೂವ್ಸ್ ರೌಂಡ್ ದ ಅರ್ಥ್’ ಎಂದು ಬರೆದರೆ ಆ ತಪ್ಪು ನಂಬಿಕೆಗೆ ಬರೆದವರೂ ಅರ್ಧ ಸಹಿ ಹಾಕಿದಂತೆ ಕೇಳಿಸುತ್ತದೆ. ‘ಮೂವ್ಡ್’ ಎಂದೇ ಬರೆಯಬೇಕು. ಅಂದರೆ ವರ್ತಮಾನವನ್ನು ಉಳಿಸಿಕೊಳ್ಳುವುದು ‘ಇದು ಈಗಲೂ ನಿಜ, ನಾನೂ ಒಪ್ಪುತ್ತೇನೆ’ ಎಂಬ ಮಾತಿಗೆ ಸಮ. ಹಿಂದಕ್ಕೆ ಇಳಿಸುವುದು ‘ಅವರು ಹಾಗೆಂದರು, ಅದರ ಹೊಣೆ ಅವರದ್ದು’ ಎಂದು ಅಂತರ ಕಾಯ್ದುಕೊಂಡ ಹಾಗೆ. ಸುದ್ದಿ ಬರೆಯುವವರಿಗೆ, ದೂರು ಬರೆಯುವವರಿಗೆ, ಸಭೆಯ ನಡಾವಳಿ ಬರೆಯುವವರಿಗೆ ಈ ವ್ಯತ್ಯಾಸ ತುಂಬಾ ಮುಖ್ಯ. ‘ದ ಕಾಂಟ್ರ್ಯಾಕ್ಟರ್ ಸೆಡ್ ದ ಬ್ರಿಡ್ಜ್ ವಾಸ್ ಸೇಫ್’ ಎಂದು ಬರೆಯಿರಿ. ‘ಇಸ್ ಸೇಫ್’ ಎಂದರೆ ಆ ಭರವಸೆಯ ಭಾರದಲ್ಲಿ ಸ್ವಲ್ಪ ನಿಮ್ಮ ಹೆಗಲ ಮೇಲೂ ಬೀಳುತ್ತದೆ.

‘ಇಫ್ ಐ ಹ್ಯಾಡ್ ಮನಿ, ಐ ವುಡ್ ಬೈ ಲ್ಯಾಂಡ್’ ಎಂಬಂಥ ಊಹೆಯ ವಾಕ್ಯವೂ ಇಳಿಯುವುದಿಲ್ಲ. ಅಲ್ಲಿನ ‘ಹ್ಯಾಡ್’ ಹಿಂದಿನ ಕಾಲದ್ದಲ್ಲ, ಇಲ್ಲದಿರುವ ಸ್ಥಿತಿಯದು. ‘ಹಿ ಸೆಡ್ ದಟ್ ಇಫ್ ಹಿ ಹ್ಯಾಡ್ ಮನಿ, ಹಿ ವುಡ್ ಬೈ ಲ್ಯಾಂಡ್’ ಎಂದರೆ ಮುಗಿಯಿತು.

ಇನ್ನು ಇಳಿಸಲೇಬೇಕಾದ, ನಾವು ಹೆಚ್ಚಾಗಿ ಇಳಿಸದೆ ಬಿಡುವ ಜಾಗ: ‘ನೀವು ಇಲ್ಲೇ ಇದ್ದೀರ ಅಂತ ಗೊತ್ತಿರಲಿಲ್ಲ.’ ಎದುರಿಗಿರುವವರು ಈಗಲೂ ಇಲ್ಲೇ ಇದ್ದಾರಲ್ಲ ಎಂಬ ತರ್ಕದಿಂದ ‘ಐ ಡಿಡಂಟ್ ನೋ ಯು ಆರ್ ಹಿಯರ್’ ಎನ್ನುತ್ತೇವೆ. ಇಂಗ್ಲಿಷಿನವರು ‘ಯು ವರ್ ಹಿಯರ್’ ಎನ್ನುತ್ತಾರೆ, ಆ ವ್ಯಕ್ತಿ ಕಣ್ಣೆದುರೇ ನಿಂತಿದ್ದರೂ. ‘ಐ ಥಾಟ್ ಹಿ ವಾಸ್ ಯುವರ್ ಬ್ರದರ್’, ‘ಐ ಫರ್ಗಾಟ್ ಇಟ್ ವಾಸ್ ಸಂಡೇ’ ಇವೂ ಹಾಗೆಯೇ. ‘ಸೆಡ್’ ಬಂದಾಗ ನಿಯಮ ನೆನಪಾಗುತ್ತದೆ. ‘ಥಾಟ್, ನ್ಯೂ, ಫರ್ಗಾಟ್, ಹೋಪ್ಡ್’ ಬಂದಾಗ ಮರೆತುಹೋಗುತ್ತದೆ. ಇಂಗ್ಲಿಷಿಗೆ ಮಾತೂ ಒಂದೇ, ಮನಸ್ಸಿನಲ್ಲಿ ಅಂದುಕೊಂಡದ್ದೂ ಒಂದೇ.

ಬಂದಾಗ, ಬಂದರೆ, ಬರುವವರೆಗೆ

ಇನ್ನೊಬ್ಬರ ಮಾತಲ್ಲದ ಅಧೀನ ವಾಕ್ಯಗಳಲ್ಲೂ ಕಾಲ ತಪ್ಪುತ್ತದೆ. ‘ವೆನ್ ಹಿ ವಿಲ್ ಕಮ್, ಐ ವಿಲ್ ಟೆಲ್ ಹಿಮ್’ ಎಂಬ ವಾಕ್ಯ ದಿನಾ ಕಿವಿಗೆ ಬೀಳುತ್ತದೆ. ಆಶ್ಚರ್ಯವೆಂದರೆ ಕನ್ನಡವೇ ಇಲ್ಲಿ ಭವಿಷ್ಯತ್ ಕಾಲ ಬಳಸುವುದಿಲ್ಲ. ನಾಳೆ ಬರುವವನ ಬಗ್ಗೆಯೇ ಮಾತಾಡುತ್ತಿದ್ದರೂ ನಾವು ‘ಅವನು ಬಂದಾಗ ಹೇಳ್ತೀನಿ’, ‘ಬಂದ ಮೇಲೆ ಹೇಳ್ತೀನಿ’, ‘ಬಂದರೆ ಹೇಳ್ತೀನಿ’ ಎನ್ನುತ್ತೇವೆ. ಮೂರರಲ್ಲೂ ಇರುವುದು ‘ಬಂದ’ ಎಂಬ ಭೂತಕಾಲದ ರೂಪ. ಭವಿಷ್ಯದ ಗುರುತು ಕೊನೆಯ ‘ಹೇಳ್ತೀನಿ’ಯಲ್ಲಿ ಒಂದೇ ಕಡೆ. ಇಂಗ್ಲಿಷಿನಲ್ಲೂ ‘ವಿಲ್’ ಒಂದೇ ಕಡೆ: ‘ವೆನ್ ಹಿ ಕಮ್ಸ್, ಐ ವಿಲ್ ಟೆಲ್ ಹಿಮ್’. ‘ಇಫ್, ಆಫ್ಟರ್, ಬಿಫೋರ್, ಅಂಟಿಲ್, ಆ್ಯಸ್ ಸೂನ್ ಆ್ಯಸ್’ ಎಲ್ಲಕ್ಕೂ ಇದೇ ಕ್ರಮ. ‘ಬರುವವರೆಗೆ’, ‘ಬರುವ ಮುಂಚೆ’ ಎನ್ನುವಾಗ ಮಾತ್ರ ಕನ್ನಡದಲ್ಲಿ ‘ಬರುವ’ ಬರುವುದರಿಂದ ಎಡವುವುದುಂಟು. ಅಲ್ಲೂ ‘ಅಂಟಿಲ್ ಹಿ ಕಮ್ಸ್’, ‘ಬಿಫೋರ್ ಹಿ ಕಮ್ಸ್’.

ಹಾಗಾದರೆ ‘ಐ ಡೋಂಟ್ ನೋ ವೆನ್ ಹಿ ವಿಲ್ ಕಮ್’ ಹೇಗೆ ಸರಿಯಾಗುತ್ತದೆ? ಕನ್ನಡದಲ್ಲಿ ಹೇಳಿ ನೋಡಿ. ‘ಯಾವಾಗ ಬರ್ತಾನೋ ಗೊತ್ತಿಲ್ಲ.’ ಇಲ್ಲಿ ‘ಬಂದಾಗ’ ಇಲ್ಲ, ‘ಯಾವಾಗ’ ಎಂಬ ಪ್ರಶ್ನೆಯಿದೆ. ಕನ್ನಡದಲ್ಲಿ ‘ಬಂದಾಗ’ ಎಂದು ಬಂದರೆ ‘ವಿಲ್’ ಬೇಡ, ‘ಯಾವಾಗ ಬರ್ತಾನೆ’ ಎಂದು ಬಂದರೆ ‘ವಿಲ್’ ಬೇಕು. ‘ಇಫ್’ಗೂ ಇದೇ ಪರೀಕ್ಷೆ ಸಾಕು: ‘ಬಂದರೆ’ ಎಂದಾದರೆ ‘ಇಫ್ ಹಿ ಕಮ್ಸ್’, ‘ಬರ್ತಾನೋ ಇಲ್ವೋ’ ಎಂದಾದರೆ ‘ಇಫ್ ಹಿ ವಿಲ್ ಕಮ್’.

ಇಲ್ಲಿಯವರೆಗೆ ಹೇಳಿದ್ದೆಲ್ಲ ಒಟ್ಟಿಗೆ ಸೇರುವ ವಾಕ್ಯವೊಂದು ನಮ್ಮ ಚರಿತ್ರೆಯಲ್ಲೇ ಇದೆ. 1947ರ ಆಗಸ್ಟ್ 14ರ ರಾತ್ರಿ ಸಂವಿಧಾನ ಸಭೆಯಲ್ಲಿ ನೆಹರೂ ಹೇಳಿದ್ದು: ‘ಅಟ್ ದ ಸ್ಟ್ರೋಕ್ ಆಫ್ ದ ಮಿಡ್‌ನೈಟ್ ಅವರ್, ವೆನ್ ದ ವರ್ಲ್ಡ್ ಸ್ಲೀಪ್ಸ್, ಇಂಡಿಯಾ ವಿಲ್ ಅವೇಕ್ ಟು ಲೈಫ್ ಅಂಡ್ ಫ್ರೀಡಮ್.’ ಮಧ್ಯರಾತ್ರಿ ಇನ್ನೂ ಬಂದಿಲ್ಲ, ಆದರೂ ‘ವೆನ್ ದ ವರ್ಲ್ಡ್ ವಿಲ್ ಸ್ಲೀಪ್’ ಎಂದಿಲ್ಲ ನೋಡಿ. ಈಗ ವರದಿ ಮಾಡಿ: ‘ನೆಹರೂ ಸೆಡ್ ದಟ್ ಅಟ್ ದ ಸ್ಟ್ರೋಕ್ ಆಫ್ ದ ಮಿಡ್‌ನೈಟ್ ಅವರ್, ವೆನ್ ದ ವರ್ಲ್ಡ್ ಸ್ಲೆಪ್ಟ್, ಇಂಡಿಯಾ ವುಡ್ ಅವೇಕ್ ಟು ಲೈಫ್ ಅಂಡ್ ಫ್ರೀಡಮ್.’ ‘ಸ್ಲೀಪ್ಸ್’ ಇಳಿದು ‘ಸ್ಲೆಪ್ಟ್’, ‘ವಿಲ್’ ಇಳಿದು ‘ವುಡ್’. ‘ವುಡ್’ ಮತ್ತೆ ಒಂದೇ ಕಡೆ. ಅದೇ ಭಾಷಣದ ಆರಂಭದಲ್ಲಿ ‘ಲಾಂಗ್ ಇಯರ್ಸ್ ಅಗೊ ವಿ ಮೇಡ್ ಎ ಟ್ರಿಸ್ಟ್ ವಿತ್ ಡೆಸ್ಟಿನಿ’ ಎಂಬ ಮಾತಿದೆ. ಅದನ್ನು ‘ಲಾಂಗ್ ಇಯರ್ಸ್ ಬಿಫೋರ್’ ಮತ್ತು ‘ಹ್ಯಾಡ್ ಮೇಡ್’ ಎಂದು ಬದಲಿಸುವುದು ಸುಲಭ. ‘ವಿ’ಯನ್ನು ಏನು ಮಾಡುವುದು? ವಿದೇಶಿ ವರದಿಗಾರನಾದರೆ ‘ದೆ’ ಎನ್ನಬೇಕು. ಭಾರತೀಯರಾದ ನಾವು ಬರೆಯುವಾಗ ‘ವಿ’ಯನ್ನೇ ಉಳಿಸಬಹುದು, ಏಕೆಂದರೆ ಆ ‘ನಾವು’ವಿನಲ್ಲಿ ನಾವೂ ಇದ್ದೇವೆ. ಸರ್ವನಾಮ ಬದಲಿಸುವುದು ಕಣ್ಣುಮುಚ್ಚಿ ಮಾಡುವ ಕೆಲಸವಲ್ಲ, ಯಾರು ಯಾರಿಗೆ ಹೇಳುತ್ತಿದ್ದಾರೆ ಎಂದು ಪ್ರತಿ ಸಲ ನೋಡಬೇಕು.

‘ಹ್ಯಾಡ್’ ಹೆಚ್ಚಾದಾಗ

ಇಳಿಸುವುದನ್ನು ಕಲಿತವರು ಮುಂದೆ ಬೀಳುವುದು ಇನ್ನೊಂದು ಗುಂಡಿಗೆ. ‘ನಿನ್ನೆ ಮೈಸೂರಿಗೆ ಹೋಗಿದ್ದೆ’ ಎಂಬುದನ್ನು ‘ಐ ಹ್ಯಾಡ್ ಗಾನ್ ಟು ಮೈಸೂರು ಯೆಸ್ಟರ್‌ಡೇ’ ಎಂದು ಬರೆಯುವುದು. ಕನ್ನಡದ ‘ಹೋಗಿದ್ದೆ’ ತಾನೊಂದೇ ನಿಲ್ಲಬಲ್ಲದು: ಹೋಗಿದ್ದೆ, ಬಂದೂ ಆಯಿತು ಎಂಬ ಧ್ವನಿ ಅದರಲ್ಲೇ ಇದೆ. ಇಂಗ್ಲಿಷಿನ ‘ಹ್ಯಾಡ್ ಗಾನ್’ ಹಾಗೆ ಒಂಟಿಯಾಗಿ ನಿಲ್ಲುವುದಿಲ್ಲ. ಅದಕ್ಕೆ ಜೊತೆಯಲ್ಲಿ, ಅದರ ನಂತರ ನಡೆದ ಇನ್ನೊಂದು ಭೂತಕಾಲದ ಸಂಗತಿ ಬೇಕು. ‘ಐ ವೆಂಟ್ ಟು ಮೈಸೂರು ಯೆಸ್ಟರ್‌ಡೇ’ ಸಾಕು. ‘ವೆನ್ ಯು ಕಾಲ್ಡ್, ಐ ಹ್ಯಾಡ್ ಆಲ್‌ರೆಡಿ ಲೆಫ್ಟ್ ಫಾರ್ ಮೈಸೂರು’ ಎಂಬಲ್ಲಿ ‘ಹ್ಯಾಡ್’ ಬೇಕು, ಏಕೆಂದರೆ ಫೋನ್ ಬಂದದ್ದು ಆಮೇಲೆ. ಬರೆದು ಮುಗಿಸಿದ ಮೇಲೆ ಪ್ರತಿ ‘ಹ್ಯಾಡ್’ಗೂ ‘ಯಾವುದಕ್ಕಿಂತ ಮುಂಚೆ?’ ಎಂದು ಕೇಳಿ. ಉತ್ತರ ಆ ವಾಕ್ಯದಲ್ಲೋ ಹಿಂದಿನ ವಾಕ್ಯದಲ್ಲೋ ಸಿಗದಿದ್ದರೆ ‘ಹ್ಯಾಡ್’ ತೆಗೆದುಹಾಕಿ.

ಒಂದು ಸಂಭಾಷಣೆ, ಪೂರ್ತಿಯಾಗಿ

ಸಂಭಾಷಣೆ ಕೊಟ್ಟು ವರದಿ ರೂಪದಲ್ಲಿ ಬರೆಯಿರಿ ಎಂಬ ಪ್ರಶ್ನೆ ದ್ವಿತೀಯ ಪಿಯುಸಿಯವರಿಗೆ ಪರಿಚಿತ. ಮೆಜೆಸ್ಟಿಕ್ ನಿಲ್ದಾಣದಲ್ಲಿ ಪ್ರಯಾಣಿಕನೊಬ್ಬ ಕಂಡಕ್ಟರನ್ನು ಕೇಳುತ್ತಾನೆ ಎಂದುಕೊಳ್ಳಿ.

ಪ್ರಯಾಣಿಕ: ‘ಡಸ್ ದಿಸ್ ಬಸ್ ಗೋ ಟು ಚಿಕ್ಕಮಗಳೂರು?’
ಕಂಡಕ್ಟರ್: ‘ಯೆಸ್, ಬಟ್ ಇಟ್ ವಿಲ್ ನಾಟ್ ಸ್ಟಾಪ್ ಅಟ್ ಚನ್ನರಾಯಪಟ್ಟಣ. ವೇರ್ ಹ್ಯಾವ್ ಯು ಕಮ್ ಫ್ರಮ್?’
ಪ್ರಯಾಣಿಕ: ‘ಐ ಕೇಮ್ ಫ್ರಮ್ ಕೋಲಾರ ದಿಸ್ ಮಾರ್ನಿಂಗ್.’
ಕಂಡಕ್ಟರ್: ‘ಪ್ಲೀಸ್ ಗೆಟ್ ಇನ್ ಕ್ವಿಕ್ಲಿ.’

ಮೊದಲ ಸಾಲು ಹೌದು, ಇಲ್ಲ ಎಂಬ ಪ್ರಶ್ನೆ. ‘ಡಸ್’ ಹೋಗಿ ‘ವೆದರ್’ ಬರುತ್ತದೆ, ‘ಗೋ’ ಇಳಿದು ‘ವೆಂಟ್’, ‘ದಿಸ್’ ಬದಲಾಗಿ ‘ದಟ್’: ‘ದ ಪ್ಯಾಸೆಂಜರ್ ಆಸ್ಕ್‌ಡ್ ದ ಕಂಡಕ್ಟರ್ ವೆದರ್ ದಟ್ ಬಸ್ ವೆಂಟ್ ಟು ಚಿಕ್ಕಮಗಳೂರು.’

ಎರಡನೆಯದರಲ್ಲಿ ಮೂರು ತುಂಡುಗಳಿವೆ. ‘ಯೆಸ್’ ಎಂಬುದನ್ನು ಹಾಗೇ ಒಳಗೆ ತುರುಕಲು ಬರುವುದಿಲ್ಲ, ಅದನ್ನು ‘ರಿಪ್ಲೈಡ್ ದಟ್ ಇಟ್ ಡಿಡ್’ ಎಂದು ಮಾಡಿ. ಮುಂದಿನದಕ್ಕೆ ‘ಆ್ಯಡೆಡ್’ ಎಂಬ ಕ್ರಿಯಾಪದ ಒಳ್ಳೆಯ ಜೊತೆ: ‘ದ ಕಂಡಕ್ಟರ್ ರಿಪ್ಲೈಡ್ ದಟ್ ಇಟ್ ಡಿಡ್, ಬಟ್ ಆ್ಯಡೆಡ್ ದಟ್ ಇಟ್ ವುಡ್ ನಾಟ್ ಸ್ಟಾಪ್ ಅಟ್ ಚನ್ನರಾಯಪಟ್ಟಣ.’ ಆಮೇಲೆ ಪ್ರಶ್ನೆ, ಕರ್ತೃ ಮುಂದೆ ಬಂದು: ‘ಹಿ ದೆನ್ ಆಸ್ಕ್‌ಡ್ ದ ಪ್ಯಾಸೆಂಜರ್ ವೇರ್ ಹಿ ಹ್ಯಾಡ್ ಕಮ್ ಫ್ರಮ್.’

ಮೂರನೆಯದು ಸರಳ: ‘ದ ಪ್ಯಾಸೆಂಜರ್ ಸೆಡ್ ದಟ್ ಹಿ ಹ್ಯಾಡ್ ಕಮ್ ಫ್ರಮ್ ಕೋಲಾರ ದಟ್ ಮಾರ್ನಿಂಗ್.’ ಕೊನೆಯದು ಬೇಡಿಕೆ: ‘ದ ಕಂಡಕ್ಟರ್ ಆಸ್ಕ್‌ಡ್ ಹಿಮ್ ಟು ಗೆಟ್ ಇನ್ ಕ್ವಿಕ್ಲಿ.’

ಉತ್ತರ ಬರೆದ ಮೇಲೆ ಕ್ರಿಯಾಪದಗಳನ್ನು ಮಾತ್ರ ಬೆರಳಿಟ್ಟು ಓದಿ: ಆಸ್ಕ್‌ಡ್, ವೆಂಟ್, ರಿಪ್ಲೈಡ್, ಡಿಡ್, ಆ್ಯಡೆಡ್, ವುಡ್ ಸ್ಟಾಪ್, ಆಸ್ಕ್‌ಡ್, ಹ್ಯಾಡ್ ಕಮ್, ಸೆಡ್, ಹ್ಯಾಡ್ ಕಮ್, ಆಸ್ಕ್‌ಡ್. ನಡುವೆ ಎಲ್ಲಾದರೂ ‘ವಿಲ್’, ‘ಇಸ್’, ‘ಹ್ಯಾಸ್’ ಉಳಿದಿದ್ದರೆ ಅಲ್ಲಿ ನಿಂತು, ಅದು ಈಗಲೂ ನಿಜವಾಗಿರುವ ಸಂಗತಿ ಎಂದು ತಿಳಿದೇ ಉಳಿಸಿದ್ದೋ, ಕಣ್ತಪ್ಪಿ ಉಳಿದದ್ದೋ ಎಂದು ನೋಡಿಕೊಳ್ಳಿ.